ರಿಕಾಲ್ ಪತ್ರ ಬಂದ ಮೇಲೆ: ಆಸ್ಪತ್ರೆಯ ಉಪಕರಣಗಳ ಸುರಕ್ಷತಾ ರಿಕಾಲ್ ನಿಭಾಯಿಸುವ ಬಗೆ

"ನಮ್ಮ ಸಿರಿಂಜ್ ಪಂಪ್‌ಗಳಿಗೆ ರಿಕಾಲ್ ಆಗಿದೆಯೆಂದು ಕಂಪನಿಯಿಂದ ಪತ್ರ ಬಂದಿದೆ. ಅವನ್ನು ವಾಪಸ್ ಕಳಿಸಬೇಕೋ, ಬಳಸುತ್ತಾ ಇರಬಹುದೋ?" ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತಿರುವುದರಿಂದ ಉತ್ತರವನ್ನು ಒಂದೇ ಕಡೆ ಬರೆದಿಡುವುದು ಒಳ್ಳೆಯದೆನಿಸಿತು. ಕೇಳುವವರಲ್ಲಿ ಹೆಚ್ಚಿನವರು ಸಣ್ಣ ಮತ್ತು ಮಧ್ಯಮ ಗಾತ್ರದ ಆಸ್ಪತ್ರೆಗಳ ಬಯೋಮೆಡಿಕಲ್ ಎಂಜಿನಿಯರ್‌ಗಳು, ನರ್ಸಿಂಗ್ ಮೇಲ್ವಿಚಾರಕರು ಮತ್ತು ಸ್ಟೋರ್‌ನ ಹೊಣೆ ಹೊತ್ತವರು. ದೊಡ್ಡ ಆಸ್ಪತ್ರೆಗಳಲ್ಲಿ ಈ ಕೆಲಸಕ್ಕೆಂದೇ ಇರುವ ಪ್ರತ್ಯೇಕ ವಿಭಾಗ ಇವರಿಗೆ ಇರುವುದಿಲ್ಲ. ಈ ಲೇಖನವನ್ನು ಅವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ದೇಹದೊಳಗೆ ಇಂಪ್ಲಾಂಟ್ ಇರುವವರು ಮತ್ತು ಮನೆಯಲ್ಲಿ ಉಸಿರಾಟದ ಯಂತ್ರ ಬಳಸುವವರು ನೇರವಾಗಿ ಐದನೆಯ ಹಂತಕ್ಕೆ ಹೋಗಬಹುದು.

ಪತ್ರದಲ್ಲಿ ಹೇಳಿದ್ದನ್ನು ಮಾಡಲು ಸಾಮಾನ್ಯವಾಗಿ ಅರ್ಧ ಗಂಟೆ ಸಾಕಾಗುತ್ತದೆ. ಅಲ್ಲಿ ಹೆಸರಿಸಿದ ಉಪಕರಣ ಈ ಹೊತ್ತಿನಲ್ಲಿ ಯಾವ ವಾರ್ಡಿನಲ್ಲಿದೆ, ಯಾವ ಕಪಾಟಿನಲ್ಲಿದೆ, ಯಾರ ಮೈಯಲ್ಲಿದೆ ಎಂದು ಪತ್ತೆ ಹಚ್ಚಲು ದಿನಗಳೇ ಹಿಡಿಯುತ್ತವೆ. ಆದ್ದರಿಂದ ಈ ಲೇಖನದಲ್ಲಿಯೂ ಹೆಚ್ಚಿನ ಜಾಗವನ್ನು ಆ ಹುಡುಕಾಟಕ್ಕೇ ಕೊಟ್ಟಿದ್ದೇನೆ.

ಮೊದಲು ತಿಳಿದಿರಬೇಕಾದ ಪದಗಳು

ರಿಕಾಲ್ ಎಂದೊಡನೆ ಉಪಕರಣವನ್ನು ಪೆಟ್ಟಿಗೆಗೆ ಹಾಕಿ ವಾಪಸ್ ಕಳಿಸುವುದೇ ನಮ್ಮ ಮನಸ್ಸಿಗೆ ಬರುತ್ತದೆ. ವೈದ್ಯಕೀಯ ಉಪಕರಣಗಳ ವಿಷಯದಲ್ಲಿ ಈ ಪದದ ವ್ಯಾಪ್ತಿ ಅದಕ್ಕಿಂತ ದೊಡ್ಡದು. ಉಪಕರಣವನ್ನು ಬಳಕೆಯಿಂದ ತೆಗೆದು ತಯಾರಕರಿಗೆ ಮರಳಿಸುವುದು ಅಥವಾ ನಾಶಪಡಿಸುವುದು ಒಂದು ಬಗೆ. ಅದನ್ನು ಇಲ್ಲಿ ತೆರವು ಎನ್ನೋಣ. ಉಪಕರಣ ಇದ್ದಲ್ಲೇ ಇದ್ದು ಅದರ ಸಾಫ್ಟ್‌ವೇರ್ ಬದಲಿಸುವುದು, ಬಿಡಿಭಾಗ ಹಾಕುವುದು, ಲೇಬಲನ್ನು ಅಥವಾ ಬಳಕೆಯ ಸೂಚನೆಯನ್ನು ತಿದ್ದುವುದು ಇನ್ನೊಂದು ಬಗೆ, ಅದು ತಿದ್ದುಪಡಿ. ಅಮೆರಿಕದ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಎರಡನ್ನೂ ರಿಕಾಲ್ ಎಂದೇ ಕರೆಯುತ್ತದೆ. 2017ರ ಆಗಸ್ಟ್‌ನಲ್ಲಿ ಅಬಾಟ್ ಕಂಪನಿಯ ಪೇಸ್‌ಮೇಕರ್‌ಗಳಲ್ಲಿ ಸೈಬರ್ ಸುರಕ್ಷತೆಯ ಲೋಪವೊಂದಕ್ಕಾಗಿ ರಿಕಾಲ್ ಘೋಷಣೆಯಾದಾಗ ಅಮೆರಿಕವೊಂದರಲ್ಲೇ ಸುಮಾರು 4,65,000 ಸಾಧನಗಳು ಅದರ ವ್ಯಾಪ್ತಿಗೆ ಬಂದಿದ್ದವು. ಆದರೆ ಯಾರ ಎದೆಯಿಂದಲೂ ಪೇಸ್‌ಮೇಕರ್ ತೆಗೆಯಬೇಕೆಂಬ ಸಲಹೆ ಅದರಲ್ಲಿ ಇರಲಿಲ್ಲ. ರೋಗಿ ಕ್ಲಿನಿಕ್ಕಿಗೆ ಬಂದು, ಸುಮಾರು 3 ನಿಮಿಷ ಹಿಡಿಯುವ ಸಾಫ್ಟ್‌ವೇರ್ ನವೀಕರಣ ಮಾಡಿಸಿಕೊಳ್ಳುವುದು ಆ ರಿಕಾಲ್‌ನ ಪರಿಹಾರವಾಗಿತ್ತು.

ಯುರೋಪಿನ ತಯಾರಕರು ಇದೇ ಕ್ರಮವನ್ನು ಫೀಲ್ಡ್ ಸೇಫ್ಟಿ ಕರೆಕ್ಟಿವ್ ಆಕ್ಷನ್ ಎನ್ನುತ್ತಾರೆ. ಅದನ್ನು ತಿಳಿಸುವ ಪತ್ರಕ್ಕೆ ಫೀಲ್ಡ್ ಸೇಫ್ಟಿ ನೋಟಿಸ್ ಎಂದು ಹೆಸರು. ಇಂತಹ ಪತ್ರದ ತಲೆಬರಹದಲ್ಲಿ ರಿಕಾಲ್ ಎಂಬ ಪದವೇ ಇರದಿರಬಹುದು. ಆ ಪದ ಕಾಣಲಿಲ್ಲವೆಂದು ಪತ್ರವನ್ನು ಕಂಪನಿಯ ಜಾಹೀರಾತುಗಳ ಜೊತೆ ಬದಿಗಿಟ್ಟ ಸಂದರ್ಭಗಳು ಸಾಕಷ್ಟಿವೆ.

ಇನ್ನು ವರ್ಗಗಳ ವಿಷಯ. ಎಫ್‌ಡಿಎ ರಿಕಾಲ್‌ಗಳನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತದೆ. ಗಂಭೀರ ಹಾನಿಯಾಗುವ ಅಥವಾ ಸಾವು ಸಂಭವಿಸುವ ಸಾಧ್ಯತೆ ನಿಜಕ್ಕೂ ಇದ್ದರೆ ಅದು ಒಂದನೆಯ ವರ್ಗ. ತಾತ್ಕಾಲಿಕ ಅಥವಾ ಚಿಕಿತ್ಸೆಯಿಂದ ಸರಿಹೋಗುವ ತೊಂದರೆಯಾಗಬಹುದಾದರೆ, ಇಲ್ಲವೇ ಗಂಭೀರ ಹಾನಿಯ ಸಾಧ್ಯತೆ ತೀರಾ ಕಡಿಮೆಯಿದ್ದರೆ ಎರಡನೆಯದು. ಹಾನಿಯಾಗುವ ಸಂಭವವೇ ಇಲ್ಲವೆನ್ನಬಹುದಾದರೆ ಮೂರನೆಯದು. ಇಲ್ಲಿ ಹಲವರು ಎಡವುತ್ತಾರೆ, ಏಕೆಂದರೆ ಉಪಕರಣಗಳಿಗೂ ಪ್ರತ್ಯೇಕವಾದ ಅಪಾಯ ವರ್ಗಗಳಿವೆ ಮತ್ತು ಅವುಗಳ ಲೆಕ್ಕ ತಿರುಗುಮುರುಗು. ಉಪಕರಣದ ವರ್ಗೀಕರಣದಲ್ಲಿ ಒಂದು ಎಂದರೆ ಅತಿ ಕಡಿಮೆ ಅಪಾಯ, ಮೂರು ಎಂದರೆ ಅತಿ ಹೆಚ್ಚು. ರಿಕಾಲ್‌ನ ವರ್ಗೀಕರಣದಲ್ಲಿ ಒಂದು ಎಂದರೆ ಅತಿ ಗಂಭೀರ. ಭಾರತದ 2017ರ ವೈದ್ಯಕೀಯ ಉಪಕರಣ ನಿಯಮಗಳು ಉಪಕರಣಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತವೆ; ಅಲ್ಲಿ ಡಿ ಅತಿ ಹೆಚ್ಚು ಅಪಾಯದ್ದು. ಪತ್ರದಲ್ಲಿ ಕಾಣುವ ವರ್ಗ ಉಪಕರಣದ್ದೋ ರಿಕಾಲ್‌ನದ್ದೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಕೊನೆಯದಾಗಿ ಲಾಟ್ ಮತ್ತು ಸೀರಿಯಲ್. ಒಂದೇ ಸರದಿಯಲ್ಲಿ ತಯಾರಾದ ವಸ್ತುಗಳೆಲ್ಲವಕ್ಕೂ ಸೇರಿ ಒಂದು ಲಾಟ್ ಅಥವಾ ಬ್ಯಾಚ್ ಸಂಖ್ಯೆ ಇರುತ್ತದೆ. ಕ್ಯಾತಿಟರ್, ಟ್ಯೂಬಿಂಗ್, ಸ್ಟೆಂಟ್‌ನಂತಹ ವಸ್ತುಗಳನ್ನು ಹೆಚ್ಚಾಗಿ ಅದರಿಂದಲೇ ಗುರುತಿಸುತ್ತೇವೆ. ಸೀರಿಯಲ್ ನಂಬರ್ ಒಂದೊಂದು ಉಪಕರಣಕ್ಕೆ ಒಂದೊಂದು. ವೆಂಟಿಲೇಟರ್, ಹೃದಯಕ್ಕೆ ವಿದ್ಯುತ್ ಷಾಕ್ ಕೊಡುವ ಡಿಫಿಬ್ರಿಲೇಟರ್, ಪೇಸ್‌ಮೇಕರ್‌ಗಳಿಗೆ ಇದು ಇರುತ್ತದೆ.

ಪತ್ರ ಬರುವ ಮೊದಲೇ ಇರಬೇಕಾದದ್ದು

ಒಬ್ಬ ಹೊಣೆಗಾರ ಮತ್ತು ಅವರು ರಜೆಯಲ್ಲಿದ್ದಾಗ ನೋಡಿಕೊಳ್ಳುವ ಇನ್ನೊಬ್ಬರನ್ನು ಲಿಖಿತವಾಗಿ ನೇಮಿಸಿ. ವ್ಯಕ್ತಿಯ ಹೆಸರಿನಲ್ಲಿರದ, ಹುದ್ದೆಯ ಹೆಸರಿನಲ್ಲಿರುವ ಒಂದು ಇಮೇಲ್ ವಿಳಾಸವನ್ನು ತೆರೆದು, ನಿಮಗೆ ಉಪಕರಣ ಮಾರಿದ ಪ್ರತಿಯೊಬ್ಬ ಡೀಲರ್‌ಗೂ ತಯಾರಕರಿಗೂ ತಿಳಿಸಿ. ಆಸ್ಪತ್ರೆ ಬಿಟ್ಟುಹೋದ ಖರೀದಿ ಅಧಿಕಾರಿಯ ಹಳೆಯ ವಿಳಾಸಕ್ಕೆ ಪತ್ರ ಹೋಗಿ ತಿಂಗಳುಗಟ್ಟಲೆ ಅಲ್ಲೇ ಉಳಿಯುವುದು ಈ ಇಡೀ ವ್ಯವಸ್ಥೆಯ ಅತ್ಯಂತ ಸಾಮಾನ್ಯವಾದ, ಅತ್ಯಂತ ಸುಲಭವಾಗಿ ತಪ್ಪಿಸಬಹುದಾದ ಲೋಪ.

ಇದರ ಜೊತೆಗೆ ಎರಡು ದಾಖಲೆಗಳು ಬೇಕು. ಒಂದು, ಪ್ರತಿ ಯಂತ್ರದ ತಯಾರಕರು, ಮಾಡೆಲ್, ಸೀರಿಯಲ್ ನಂಬರ್, ಸಾಫ್ಟ್‌ವೇರ್ ಆವೃತ್ತಿ ಮತ್ತು ಇರುವ ಸ್ಥಳವನ್ನು ಬರೆದ ಉಪಕರಣಗಳ ರಿಜಿಸ್ಟರ್. ಎರಡು, ಯಾವ ರೋಗಿಗೆ ಯಾವ ಇಂಪ್ಲಾಂಟ್ ಹಾಕಲಾಯಿತು ಎಂಬುದನ್ನು ಲಾಟ್ ಅಥವಾ ಸೀರಿಯಲ್ ಸಹಿತ ಬರೆದ ಇಂಪ್ಲಾಂಟ್ ರಿಜಿಸ್ಟರ್. ಎರಡನೆಯದು ಇಲ್ಲದ ಆಸ್ಪತ್ರೆಗಳಲ್ಲಿ ಆ ಮಾಹಿತಿ ಆಪರೇಷನ್ ಟಿಪ್ಪಣಿಗೆ ಅಂಟಿಸಿದ ಸ್ಟಿಕರ್‌ನಲ್ಲಿ ಮಾತ್ರ ಇರುತ್ತದೆ. ಐದು ವರ್ಷದ ಬಳಿಕ ಸಾವಿರಾರು ಫೈಲುಗಳನ್ನು ಒಂದೊಂದಾಗಿ ತೆರೆದು ಸ್ಟಿಕರ್ ಓದುವ ಕೆಲಸ ಯಾರಿಗೂ ಬೇಡ.

ಹಂತ 1: ಪತ್ರವನ್ನು ದಾಖಲಿಸಿ, ಅದು ನಿಜವೇ ಎಂದು ನೋಡಿ

ಪತ್ರ ಕೈಸೇರಿದ ದಿನಾಂಕ ಮತ್ತು ಸಮಯವನ್ನು ಬರೆದು ಅದಕ್ಕೊಂದು ಕ್ರಮಸಂಖ್ಯೆ ಕೊಡಿ. ಪತ್ರದ ಮೇಲಿನ ದಿನಾಂಕವನ್ನೂ ಬೇರೆಯಾಗಿ ಬರೆದುಕೊಳ್ಳಿ. ಎರಡರ ನಡುವೆ ಎಷ್ಟು ದಿನ ಕಳೆದಿದೆ ಎಂಬುದು ಮುಂದೆ ಪ್ರಶ್ನೆಯಾಗಬಹುದು. ನಂತರ ತಯಾರಕರ ಜಾಲತಾಣದಲ್ಲಿ ಅಥವಾ ನಿಯಂತ್ರಣ ಸಂಸ್ಥೆಯ ಪಟ್ಟಿಯಲ್ಲಿ ಅದೇ ಉಲ್ಲೇಖ ಸಂಖ್ಯೆಯ ಸೂಚನೆ ಇದೆಯೇ ಎಂದು ನೋಡಿ. ಎಫ್‌ಡಿಎ ರಿಕಾಲ್‌ಗಳ ದತ್ತಾಂಶವನ್ನು ಸಾರ್ವಜನಿಕವಾಗಿ ತೆರೆದಿಟ್ಟಿದೆ, ಭಾರತದ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯಾದ ಸಿಡಿಎಸ್‌ಸಿಒ ತನ್ನ ಜಾಲತಾಣದಲ್ಲಿ ಎಚ್ಚರಿಕೆಗಳನ್ನು ಪ್ರಕಟಿಸುತ್ತದೆ, ಬೇರೆ ದೇಶಗಳ ನಿಯಂತ್ರಕರಲ್ಲೂ ಇಂತಹ ವ್ಯವಸ್ಥೆ ಇದೆ. ಪಟ್ಟಿಯಲ್ಲಿ ಇನ್ನೂ ಕಾಣಿಸದಿದ್ದರೆ ಪತ್ರ ಸುಳ್ಳೆಂದು ಅರ್ಥವಲ್ಲ. ತಯಾರಕರು ಗ್ರಾಹಕರಿಗೆ ಪತ್ರ ಕಳಿಸಿದ ಬಳಿಕವೇ ನಿಯಂತ್ರಕರು ವರ್ಗ ನಿರ್ಧರಿಸಿ ಪ್ರಕಟಿಸುವುದು ಸಾಮಾನ್ಯ. ಆಗ ಪತ್ರದಲ್ಲಿರುವ ದೂರವಾಣಿ ಸಂಖ್ಯೆಗಲ್ಲ, ನಿಮ್ಮ ಹಳೆಯ ಇನ್‌ವಾಯ್ಸ್ ಅಥವಾ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಒಪ್ಪಂದದಲ್ಲಿರುವ ಸಂಖ್ಯೆಗೆ ಕರೆ ಮಾಡಿ ಕೇಳಿ.

ಸುದ್ದಿಯಲ್ಲಿ ರಿಕಾಲ್ ವಿಷಯ ಓದಿದಿರಿ, ಆದರೆ ನಿಮಗೆ ಪತ್ರವೇ ಬಂದಿಲ್ಲ ಎಂದಾದರೆ ಸುಮ್ಮನೆ ಕಾಯಬೇಡಿ. ಡೀಲರ್ ಮೂಲಕ, ಬಳಸಿದ ಯಂತ್ರಗಳ ವ್ಯಾಪಾರಿಯ ಮೂಲಕ ಅಥವಾ ದಾನವಾಗಿ ಬಂದ ಉಪಕರಣ ನಿಮ್ಮಲ್ಲಿದೆ ಎಂಬ ವಿಷಯವೇ ತಯಾರಕರಿಗೆ ಗೊತ್ತಿರುವುದಿಲ್ಲ.

ಹಂತ 2: ಪತ್ರವನ್ನು ಕೊನೆಯ ಪುಟದಿಂದಲೂ ಓದಿ

ಮೊದಲ ಪುಟದಲ್ಲಿ ಕಂಪನಿ ಬಹಳ ನಾಜೂಕಾಗಿ ಬರೆದಿರುತ್ತದೆ. ನಿಮಗೆ ಬೇಕಾದದ್ದು ಹಿಂದಿನ ಪುಟಗಳ ಅನುಬಂಧದಲ್ಲಿರುತ್ತದೆ. ಯಾವ ಮಾಡೆಲ್, ಯಾವ ಲಾಟ್ ಅಥವಾ ಸೀರಿಯಲ್ ವ್ಯಾಪ್ತಿ, ಯಾವ ಸಾಫ್ಟ್‌ವೇರ್ ಆವೃತ್ತಿ, ದೋಷ ಯಾವ ಸಂದರ್ಭದಲ್ಲಿ ತಲೆದೋರುತ್ತದೆ, ಅದರಿಂದ ರೋಗಿಗೆ ಏನಾಗಬಹುದು, ಈಗಲೇ ಏನು ಮಾಡಬೇಕು, ಶಾಶ್ವತ ಪರಿಹಾರ ಯಾವಾಗ ಬರುತ್ತದೆ, ಉತ್ತರ ಯಾವ ದಿನಾಂಕದೊಳಗೆ ಕೊಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ನಿಮ್ಮದೇ ಮಾತಿನಲ್ಲಿ ಬರೆದುಕೊಳ್ಳಿ. ವಾರ್ಡಿನ ಸಿಸ್ಟರ್‌ಗಳಿಗೆ ಕೊಡಬೇಕಾದದ್ದು ಈ ಹಾಳೆ. ಮೂಲ ಪತ್ರದ ಜೆರಾಕ್ಸ್ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರೆ ಅದನ್ನು ಓದುವವರು ಯಾರೂ ಇರುವುದಿಲ್ಲ.

ಕೆಲವು ವಾಕ್ಯಗಳನ್ನು ಎರಡು ಸಲ ಓದಬೇಕಾಗುತ್ತದೆ. "ಬಳಕೆಯನ್ನು ಮುಂದುವರಿಸಬಹುದು" ಎಂಬ ಮಾತಿನ ಹಿಂದೆ ಅಥವಾ ಮುಂದೆ ಒಂದು ಷರತ್ತು ಇದ್ದೇ ಇರುತ್ತದೆ: ಬ್ಯಾಟರಿಯಲ್ಲಿ ಮಾತ್ರ ನಡೆಸಬಾರದು, ನಿಗದಿತ ಒತ್ತಡಕ್ಕಿಂತ ಮೇಲೆ ಹೋಗಬಾರದು, ಪಕ್ಕದಲ್ಲಿ ಬದಲಿ ಯಂತ್ರ ಇರಲೇಬೇಕು ಎಂಬಂತಹವು. ಆ ಷರತ್ತನ್ನು ನಿಮ್ಮ ಆಸ್ಪತ್ರೆಯಲ್ಲಿ ಪಾಲಿಸಲು ಸಾಧ್ಯವಿಲ್ಲದಿದ್ದರೆ ಬಳಕೆಯ ಅನುಮತಿಯೂ ನಿಮಗೆ ಅನ್ವಯಿಸುವುದಿಲ್ಲ.

ಹಂತ 3: ಉಪಕರಣವನ್ನು ಪತ್ತೆ ಹಚ್ಚಿ

ರಿಜಿಸ್ಟರ್‌ನಲ್ಲಿ ಮಾಡೆಲ್ ಹುಡುಕಿ ಪಟ್ಟಿ ಮಾಡುವುದು ಆರಂಭ ಮಾತ್ರ. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಪ್ರತಿಯೊಂದು ಉಪಕರಣದ ಮುಂದೆ ನಿಂತು, ಅದರ ಲೇಬಲನ್ನು ನಿಮ್ಮ ಕಣ್ಣಾರೆ ಓದಬೇಕು. ಫೋನ್ ಮಾಡಿ "ನಿಮ್ಮ ವಾರ್ಡಿನಲ್ಲಿ ಈ ಪಂಪ್ ಇದೆಯೇ?" ಎಂದು ಕೇಳಿ ಬಂದ ಉತ್ತರವನ್ನು ಬರೆದುಕೊಳ್ಳುವುದು ಹುಡುಕಾಟವಲ್ಲ.

ಲೇಬಲ್ ಸಾಮಾನ್ಯವಾಗಿ ಯಂತ್ರದ ಹಿಂಭಾಗದಲ್ಲಿ ಅಥವಾ ತಳದಲ್ಲಿರುತ್ತದೆ. ಅದರ ಮೇಲಿನ ಚಿಹ್ನೆಗಳು ಜಗತ್ತಿನಾದ್ಯಂತ ಬಹುತೇಕ ಒಂದೇ. ಚೌಕದೊಳಗೆ ಇಂಗ್ಲಿಷಿನಲ್ಲಿ ಎಸ್‌ಎನ್ ಎಂದಿದ್ದರೆ ಅದರ ಪಕ್ಕದ್ದು ಸೀರಿಯಲ್ ನಂಬರ್, ಲಾಟ್ ಎಂದಿದ್ದರೆ ಲಾಟ್ ಸಂಖ್ಯೆ, ರೆಫ್ ಎಂದಿದ್ದರೆ ಕ್ಯಾಟಲಾಗ್ ಸಂಖ್ಯೆ. ಚಿಕ್ಕ ಕಾರ್ಖಾನೆಯ ಚಿತ್ರ ತಯಾರಕರನ್ನೂ ತಯಾರಿಕೆಯ ದಿನಾಂಕವನ್ನೂ ಸೂಚಿಸುತ್ತದೆ, ಮರಳು ಗಡಿಯಾರದ ಚಿತ್ರ ಅವಧಿ ಮುಗಿಯುವ ದಿನಾಂಕವನ್ನು ಹೇಳುತ್ತದೆ. ಕ್ಯಾಟಲಾಗ್ ಸಂಖ್ಯೆಯನ್ನೇ ಸೀರಿಯಲ್ ಎಂದು ಬರೆದುಕೊಂಡು ಹೋಗುವ ತಪ್ಪು ಎಷ್ಟು ಸಾಮಾನ್ಯವೆಂದರೆ, ನಿಮ್ಮ ರಿಜಿಸ್ಟರ್‌ನಲ್ಲಿ ಒಂದೇ ಸೀರಿಯಲ್ ನಂಬರ್ ಹತ್ತು ಯಂತ್ರಗಳಿಗಿದ್ದರೆ ಆಗಿರುವುದು ಅದೇ ಎಂದು ತಿಳಿಯಿರಿ.

ಈಚಿನ ಉಪಕರಣಗಳ ಮೇಲೆ ಯುಡಿಐ ಎಂಬ ವಿಶಿಷ್ಟ ಗುರುತು ಇರುತ್ತದೆ. ಎಫ್‌ಡಿಎ ಇದರ ನಿಯಮವನ್ನು 2013ರಲ್ಲಿ ಹೊರಡಿಸಿತು. 2021ರ ಮೇ 26ರಿಂದ ಅನ್ವಯವಾದ ಯುರೋಪಿನ ಹೊಸ ನಿಯಮಾವಳಿಯಲ್ಲೂ ಇದು ಸೇರಿದೆ. ಇದು ಬಾರ್‌ಕೋಡ್ ಅಥವಾ ಚುಕ್ಕೆಗಳ ಚೌಕದ ರೂಪದಲ್ಲಿದ್ದು, ಜೊತೆಗೆ ಅಂಕಿಗಳಲ್ಲೂ ಮುದ್ರಿತವಾಗಿರುತ್ತದೆ. ಹೆಚ್ಚು ಬಳಕೆಯಲ್ಲಿರುವ ಜಿಎಸ್1 ಮಾದರಿಯಲ್ಲಿ ಕಂಸದೊಳಗಿನ ಅಂಕಿಯೇ ಕೀಲಿಕೈ: (01)ರ ನಂತರ ಬರುವ 14 ಅಂಕಿಗಳು ಉತ್ಪನ್ನದ ಗುರುತು, (10)ರ ನಂತರದ್ದು ಲಾಟ್, (11)ರ ನಂತರದ್ದು ತಯಾರಿಕೆಯ ದಿನಾಂಕ, (17)ರ ನಂತರದ್ದು ಅವಧಿ ಮುಗಿಯುವ ದಿನಾಂಕ, (21)ರ ನಂತರದ್ದು ಸೀರಿಯಲ್. ದಿನಾಂಕದಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ ಬರುತ್ತದೆ. ಹಾಗಾಗಿ (17)270831 ಎಂದಿದ್ದರೆ ಅದು 2027ರ ಆಗಸ್ಟ್ 31. ಕೊನೆಯ ಎರಡು ಅಂಕಿಗಳು 00 ಎಂದಿದ್ದರೆ ಆ ತಿಂಗಳ ಕೊನೆಯ ದಿನ ಎಂದು ಓದಿಕೊಳ್ಳಬೇಕು. ಸಾಧ್ಯವಿದ್ದಲ್ಲಿ ಸ್ಕ್ಯಾನರ್ ಬಳಸಿ, ಏಕೆಂದರೆ ಕೈಯಲ್ಲಿ ಬರೆಯುವಾಗ ಸೊನ್ನೆ ಇಂಗ್ಲಿಷಿನ ಓ ಆಗುತ್ತದೆ, ಎಂಟು ಬಿ ಆಗುತ್ತದೆ, ಒಂದು ಐ ಆಗುತ್ತದೆ. ನಾನು ಭಾಗವಹಿಸಿದ ಒಂದು ಹುಡುಕಾಟದಲ್ಲಿ ಹದಿನಾಲ್ಕು ಪಂಪ್‌ಗಳ ಪೈಕಿ ಎರಡು ಮೊದಲಿಗೆ ಸಿಗಲಿಲ್ಲ. ಒಂದು ನಮ್ಮ ಕಣ್ಣ ಮುಂದೆಯೇ ಇತ್ತು, ಅದರ ಸೀರಿಯಲ್‌ನಲ್ಲಿದ್ದ ಎಂಟನ್ನು ಯಾರೋ ಬಿ ಎಂದು ಬರೆದಿದ್ದರು. ಇನ್ನೊಂದು ಆಂಬುಲೆನ್ಸ್‌ನ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿತ್ತು.

ವಾರ್ಡು ಮತ್ತು ಐಸಿಯು ಮುಗಿಸಿದ ಮೇಲೆ ಜನ ಮರೆಯುವ ಜಾಗಗಳಿಗೆ ಹೋಗಿ: ಆಂಬುಲೆನ್ಸ್, ಓಟಿಯ ಒಳಗಿನ ಟ್ರಾಲಿಗಳು, ಡಯಾಲಿಸಿಸ್ ಕೊಠಡಿ, ಸಿಮ್ಯುಲೇಷನ್ ಅಥವಾ ತರಬೇತಿ ಕೊಠಡಿ, ದುರಸ್ತಿಗೆ ಹೊರಗೆ ಕಳಿಸಿದ ಯಂತ್ರಗಳ ಪಟ್ಟಿ, ಡೀಲರ್ ಪರೀಕ್ಷೆಗೆಂದು ಬಿಟ್ಟುಹೋದ ಡೆಮೊ ಯಂತ್ರಗಳು, ಬಾಡಿಗೆಗೆ ತಂದವು, ಇನ್ನೊಂದು ಶಾಖೆಗೆ ಎರವಲು ಕೊಟ್ಟವು, ರೋಗಿ ಮನೆಗೆ ಒಯ್ದವು, ಕೊನೆಗೆ ಗುಜರಿಗೆ ಹಾಕಲು ಇಟ್ಟಿರುವ ಮೂಲೆ. ಗುಜರಿ ಮೂಲೆಯ ಯಂತ್ರದಿಂದ ಬಿಡಿಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿರುವ ಸಾಧ್ಯತೆ ಇರುವುದರಿಂದ ಅದನ್ನು ಬಿಡಬಾರದು.

ಒಮ್ಮೆ ಬಳಸಿ ಬಿಸಾಡುವ ವಸ್ತುಗಳ ಹುಡುಕಾಟ ಇನ್ನೂ ಕಠಿಣ. ಸ್ಟೋರ್‌ನಲ್ಲಿ ಹೊರಪೆಟ್ಟಿಗೆಯ ಮೇಲೆ ಲಾಟ್ ಸಂಖ್ಯೆ ಇರುತ್ತದೆ; ವಾರ್ಡಿಗೆ ಹೋದ ಮೇಲೆ ಪೆಟ್ಟಿಗೆ ಒಡೆದು ಡ್ರಾಯರ್‌ಗೆ ಸುರಿದಿರುತ್ತಾರೆ, ಎರಡು ಮೂರು ಲಾಟ್‌ಗಳು ಒಂದೇ ಡ್ರಾಯರ್‌ನಲ್ಲಿ ಬೆರೆತಿರುತ್ತವೆ. ಅಲ್ಲಿ ಪ್ರತಿ ಪೌಚ್ ತಿರುಗಿಸಿ ನೋಡದೆ ಬೇರೆ ದಾರಿಯಿಲ್ಲ. ಹಲವು ವಸ್ತುಗಳನ್ನು ಸೇರಿಸಿ ಕಟ್ಟಿದ ಕಿಟ್‌ಗಳನ್ನು ನೆನಪಿಡಿ: ಕಿಟ್‌ನ ಹೊರಗಿನ ಲಾಟ್ ಸಂಖ್ಯೆಗೂ ಒಳಗಿನ ಕ್ಯಾತಿಟರ್‌ನ ಲಾಟ್ ಸಂಖ್ಯೆಗೂ ಸಂಬಂಧವಿರುವುದಿಲ್ಲ, ರಿಕಾಲ್ ಆಗಿರುವುದು ಒಳಗಿನದ್ದೂ ಆಗಿರಬಹುದು.

ದೋಷ ಸಾಫ್ಟ್‌ವೇರ್‌ಗೆ ಸಂಬಂಧಿಸಿದ್ದಾದರೆ ಲೇಬಲ್ ಸಾಲದು. ಯಂತ್ರವನ್ನು ಆನ್ ಮಾಡಿ ಸರ್ವಿಸ್ ಮೆನುವಿನಲ್ಲಿ ಅಥವಾ ಆರಂಭದ ಪರದೆಯಲ್ಲಿ ಕಾಣುವ ಆವೃತ್ತಿಯನ್ನು ಓದಿ, ಫೋಟೊ ತೆಗೆದಿಡಿ.

ಹಂತ 4: ಬೇರ್ಪಡಿಸಿ, ಆದರೆ ಬದಲಿ ನೋಡಿಕೊಂಡು

ತೆರವು ಮಾಡಬೇಕಾದ ಉಪಕರಣಕ್ಕೆ ಕೆಂಪು ಟ್ಯಾಗ್ ಕಟ್ಟಿ, ಬೀಗ ಹಾಕಬಹುದಾದ ಕೊಠಡಿಗೆ ಸಾಗಿಸಿ, ಕೀಲಿ ಯಾರ ಬಳಿ ಇದೆಯೆಂದು ಬರೆದಿಡಿ. "ಬಳಸಬೇಡಿ" ಎಂದು ಚೀಟಿ ಅಂಟಿಸಿ ವಾರ್ಡಿನ ಮೂಲೆಯಲ್ಲೇ ಬಿಟ್ಟರೆ ಏನಾಗುತ್ತದೆಂಬುದು ರಾತ್ರಿ ಪಾಳಿ ಮಾಡಿದ ಯಾರಿಗಾದರೂ ಗೊತ್ತು: ಎರಡು ಗಂಟೆಯ ಹೊತ್ತಿಗೆ ರೋಗಿ ಬರುತ್ತಾರೆ, ಬೇರೆ ಪಂಪ್ ಇರುವುದಿಲ್ಲ, ಚೀಟಿ ಎಲ್ಲೋ ಬಿದ್ದಿರುತ್ತದೆ.

ಅದೇ ಕಾರಣಕ್ಕೆ ತೆಗೆಯುವ ಮೊದಲು ಬದಲಿಯ ಲೆಕ್ಕ ಹಾಕಬೇಕು. ಐಸಿಯುವಿನಲ್ಲಿ ಇರುವ ಆರು ವೆಂಟಿಲೇಟರ್‌ಗಳೂ ಒಂದೇ ಮಾಡೆಲ್ ಆಗಿದ್ದು, ಆರೂ ರಿಕಾಲ್ ವ್ಯಾಪ್ತಿಗೆ ಬಂದರೆ, ಎಲ್ಲವನ್ನೂ ಒಮ್ಮೆಲೇ ನಿಲ್ಲಿಸುವುದು ದೋಷಕ್ಕಿಂತ ದೊಡ್ಡ ಅಪಾಯ ತರಬಹುದು. ಈ ತೀರ್ಮಾನವನ್ನು ಎಂಜಿನಿಯರ್ ಒಬ್ಬರೇ ತೆಗೆದುಕೊಳ್ಳಬಾರದು. ಆ ವಿಭಾಗದ ವೈದ್ಯರು, ನರ್ಸಿಂಗ್ ಮುಖ್ಯಸ್ಥರು ಮತ್ತು ಆಡಳಿತ ಸೇರಿ ತೆಗೆದುಕೊಂಡು, ಕಾರಣಗಳ ಸಮೇತ ಬರೆದು ಸಹಿ ಹಾಕಬೇಕು. ಬಳಕೆ ಮುಂದುವರಿಸುವುದಾದರೆ ಯಾವ ರೋಗಿಗಳಿಗೆ, ಯಾವ ಷರತ್ತಿನ ಮೇಲೆ, ಎಷ್ಟು ದಿನ ಎಂಬುದೂ ಅದರಲ್ಲಿರಲಿ. ಪ್ರತಿ ಪಾಳಿ ಬದಲಾಗುವಾಗ ಆ ಷರತ್ತನ್ನು ಬಾಯಿಮಾತಿನಲ್ಲೂ ತಿಳಿಸಬೇಕು.

ಹಂತ 5: ಉಪಕರಣ ರೋಗಿಯ ಬಳಿ ಇದ್ದರೆ

ಇಲ್ಲಿ ನಿಯಮ ಒಂದೇ: ವೈದ್ಯರ ನಿರ್ಧಾರವಿಲ್ಲದೆ ರೋಗಿಯ ದೇಹದೊಳಗಿನ ಅಥವಾ ಜೀವಾಧಾರವಾದ ಉಪಕರಣವನ್ನು ಯಾರೂ ನಿಲ್ಲಿಸಬಾರದು, ತೆಗೆಸಬಾರದು. ಪತ್ರವನ್ನು ಓದಿ ಗಾಬರಿಯಾಗುವ ರೋಗಿ ಮೊದಲು ಕೇಳುವುದೇ "ತೆಗೆಸಿಬಿಡಲೇ?" ಎಂದು. ಬಹಳ ಸಲ ಉತ್ತರ ಬೇಡ ಎಂದಾಗಿರುತ್ತದೆ. 2007ರ ಅಕ್ಟೋಬರ್‌ನಲ್ಲಿ ಮೆಡ್‌ಟ್ರಾನಿಕ್ ಕಂಪನಿಯ ಸ್ಪ್ರಿಂಟ್ ಫಿಡೆಲಿಸ್ ಎಂಬ ಡಿಫಿಬ್ರಿಲೇಟರ್ ತಂತಿಗಳು ಮುರಿಯುತ್ತವೆಂದು ಅವುಗಳ ಮಾರಾಟ ನಿಂತಾಗ, ಜಗತ್ತಿನಾದ್ಯಂತ ಸುಮಾರು 2,68,000 ತಂತಿಗಳು ಅದಾಗಲೇ ರೋಗಿಗಳ ಹೃದಯಕ್ಕೆ ಜೋಡಣೆಯಾಗಿದ್ದವು. ಮುರಿದ ತಂತಿ ಕಾರಣವಿಲ್ಲದೆ ಷಾಕ್ ಕೊಡಬಹುದಿತ್ತು, ಅಗತ್ಯವಿದ್ದಾಗ ಕೊಡದೆಯೂ ಇರಬಹುದಿತ್ತು. ಆದರೂ ಕೆಲಸ ಮಾಡುತ್ತಿರುವ ತಂತಿಯನ್ನು ಸುಮ್ಮನೆ ತೆಗೆಸಬಾರದೆಂದೇ ಸಲಹೆಯಿತ್ತು, ಏಕೆಂದರೆ ಹೃದಯದ ಗೋಡೆಗೆ ಅಂಟಿಕೊಂಡ ತಂತಿಯನ್ನು ಎಳೆಯುವುದೇ ಅಪಾಯದ ಶಸ್ತ್ರಕ್ರಿಯೆ. ಹೆಚ್ಚು ಜಾಗರೂಕ ತಪಾಸಣೆ ಮತ್ತು ಯಂತ್ರದ ಎಚ್ಚರಿಕೆಯ ಮಟ್ಟಗಳನ್ನು ಬದಲಿಸುವುದು ಅಲ್ಲಿನ ಪರಿಹಾರ.

ಎಲ್ಲ ಇಂಪ್ಲಾಂಟ್‌ಗಳಿಗೂ ಇದೇ ಉತ್ತರವಲ್ಲ. 2010ರ ಆಗಸ್ಟ್‌ನಲ್ಲಿ ಹಿಂಪಡೆದ ಡಿಪ್ಯೂ ಕಂಪನಿಯ ಎಎಸ್‌ಆರ್ ಸೊಂಟದ ಕೀಲುಗಳಲ್ಲಿ ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್ ಮತ್ತು ಕ್ರೋಮಿಯಂ ದೇಹಕ್ಕೆ ಸೇರುತ್ತಿದ್ದವು. ಜಗತ್ತಿನಲ್ಲಿ ಸುಮಾರು 93,000 ಮಂದಿಗೆ ಅವನ್ನು ಹಾಕಲಾಗಿತ್ತು. ಅಲ್ಲಿ ನೋವಿಲ್ಲದವರೂ ರಕ್ತ ಪರೀಕ್ಷೆ ಮತ್ತು ಸ್ಕ್ಯಾನ್ ಮೂಲಕ ನಿಗಾದಲ್ಲಿ ಇರಬೇಕಾಯಿತು, ಹಲವರಿಗೆ ಮರುಶಸ್ತ್ರಕ್ರಿಯೆಯೇ ಬೇಕಾಯಿತು.

ಮನೆಯಲ್ಲಿ ಬಳಸುವ ಯಂತ್ರಗಳಿಗೂ ವೈದ್ಯರ ಮಾತೇ ಮೊದಲು. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಮಾಸ್ಕ್ ಮೂಲಕ ಒತ್ತಡದಿಂದ ಗಾಳಿ ಕೊಡುವ ತನ್ನ ಹಲವು ಸಿಪ್ಯಾಪ್ ಮತ್ತು ಬೈಪ್ಯಾಪ್ ಯಂತ್ರಗಳನ್ನು, ಜೊತೆಗೆ ಹಲವು ವೆಂಟಿಲೇಟರ್‌ಗಳನ್ನು ರಿಕಾಲ್ ಮಾಡಿತು. ಸದ್ದು ತಗ್ಗಿಸಲು ಒಳಗಿಟ್ಟಿದ್ದ ಪಾಲಿಯೂರಿಥೇನ್ ಫೋಮ್ ಶಿಥಿಲವಾಗಿ ಅದರ ಕಣಗಳೂ ಅನಿಲಗಳೂ ಬಳಕೆದಾರರ ಉಸಿರಿಗೆ ಸೇರಬಹುದೆಂಬುದು ಕಾರಣ. ನಿದ್ರೆಯಲ್ಲಿ ಉಸಿರು ನಿಲ್ಲುವ ತೊಂದರೆಗೆ ಸಿಪ್ಯಾಪ್ ಬಳಸುವವರಿಗೆ ಬೇರೆ ದಾರಿ ಹುಡುಕಲು ಸ್ವಲ್ಪ ಸಮಯವಿರುತ್ತದೆ. ವೆಂಟಿಲೇಟರ್ ಮೇಲೆಯೇ ಬದುಕಿರುವವರಿಗೆ ಅದು ಇರುವುದಿಲ್ಲ. ಒಂದೇ ಪತ್ರದೊಳಗೆ ಇಬ್ಬರಿಗೂ ಬೇರೆ ಬೇರೆ ಸೂಚನೆ ಇರುತ್ತದೆಂಬುದನ್ನು ಗಮನಿಸಿ.

ಆಸ್ಪತ್ರೆಯವರು ಮಾಡಬೇಕಾದದ್ದು ಹೀಗೆ. ಇಂಪ್ಲಾಂಟ್ ರಿಜಿಸ್ಟರ್‌ನಿಂದ ರೋಗಿಗಳ ಪಟ್ಟಿ ತೆಗೆದು ಚಿಕಿತ್ಸೆ ನೀಡಿದ ವೈದ್ಯರಿಗೆ ಕೊಡಿ. ರೋಗಿಗೆ ಮೊದಲು ದೂರವಾಣಿಯಲ್ಲಿ, ನಂತರ ಪತ್ರದಲ್ಲಿ ತಿಳಿಸಿ. ಪತ್ರ ಸರಳವಾಗಿರಲಿ: ಏನು ದೋಷ, ನಿಮ್ಮ ಸಾಧನಕ್ಕೆ ಅದು ಅನ್ವಯಿಸುತ್ತದೆಯೇ, ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು, ಯಾರನ್ನು ಯಾವಾಗ ಭೇಟಿ ಮಾಡಬೇಕು. ಸಂಪರ್ಕಕ್ಕೆ ಸಿಗದವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕದೆ, ಎಷ್ಟು ಸಲ, ಯಾವ ದಿನ ಪ್ರಯತ್ನಿಸಿದಿರಿ ಎಂದು ಬರೆದಿಡಿ.

ನೀವೇ ರೋಗಿಯಾಗಿದ್ದರೆ ಇಂಪ್ಲಾಂಟ್ ಕಾರ್ಡನ್ನು ಕೇಳಿ ಪಡೆಯಿರಿ. ಯುರೋಪಿನ ನಿಯಮಾವಳಿಯಲ್ಲಿ ಅದನ್ನು ಕೊಡುವುದು ಕಡ್ಡಾಯ. ಬೇರೆಡೆ ಸಿಗದಿದ್ದರೆ ಡಿಸ್ಚಾರ್ಜ್ ಸಾರಾಂಶದಲ್ಲಿ ಸಾಧನದ ಹೆಸರು, ಮಾಡೆಲ್ ಮತ್ತು ಸೀರಿಯಲ್ ಅಥವಾ ಲಾಟ್ ಸಂಖ್ಯೆ ಬರೆಯಲು ಹೇಳಿ. "ಸ್ಟೆಂಟ್ ಹಾಕಲಾಗಿದೆ" ಎಂದಷ್ಟೇ ಬರೆದ ಸಾರಾಂಶದಿಂದ ರಿಕಾಲ್ ಸಮಯದಲ್ಲಿ ನಿಮಗೆ ಏನೂ ತಿಳಿಯುವುದಿಲ್ಲ.

ಹಂತ 6: ಉತ್ತರ ಪತ್ರ

ಪತ್ರದ ಜೊತೆ ಬಂದಿರುವ ಉತ್ತರ ನಮೂನೆಯನ್ನು ನಿಮ್ಮಲ್ಲಿ ಆ ಉಪಕರಣ ಇಲ್ಲದಿದ್ದರೂ ತುಂಬಿ ಕಳಿಸಬೇಕು. ಆದರೆ ಇಲ್ಲವೆಂದು ಬರೆಯುವ ಮೊದಲು ಮೂರನೆಯ ಹಂತವನ್ನು ಪೂರ್ತಿ ಮುಗಿಸಿರಬೇಕು. ಕಂಪನಿಯವರು ಪದೇ ಪದೇ ನೆನಪಿಸುತ್ತಾರೆಂದು ಕಿರಿಕಿರಿಯಾಗಿ "ಸೊನ್ನೆ" ಎಂದು ತುಂಬಿ ಕಳಿಸಿದರೆ, ಕಂಪನಿಯ ಲೆಕ್ಕದಲ್ಲಿ ನಿಮ್ಮ ಆಸ್ಪತ್ರೆಯ ಕಡತ ಮುಚ್ಚಿಹೋಗುತ್ತದೆ. ಆಮೇಲೆ ಬರುವ ಬಿಡಿಭಾಗವೂ ಸಾಫ್ಟ್‌ವೇರೂ ನಿಮಗೆ ಬರುವುದಿಲ್ಲ. ಎಷ್ಟು ಖರೀದಿಯಾಯಿತು, ಎಷ್ಟು ಬಳಕೆಯಾಗಿ ಮುಗಿದಿದೆ, ಎಷ್ಟು ಸಿಕ್ಕಿತು, ಎಷ್ಟು ಸಿಗಲಿಲ್ಲ ಎಂಬ ನಾಲ್ಕು ಸಂಖ್ಯೆಗಳ ಲೆಕ್ಕ ತಾಳೆಯಾಗಬೇಕು. ಸಿಗದಿದ್ದರೆ ಸಿಗಲಿಲ್ಲವೆಂದೇ ಬರೆಯಿರಿ, ಅದರಲ್ಲಿ ನಾಚಿಕೆಯೇನಿಲ್ಲ.

ಹಂತ 7: ಪರಿಹಾರ, ಪರೀಕ್ಷೆ, ಮುಕ್ತಾಯ

ಸರ್ವಿಸ್ ಎಂಜಿನಿಯರ್ ಬಂದು ಸಾಫ್ಟ್‌ವೇರ್ ಹಾಕಿದ ಮಾತ್ರಕ್ಕೆ ಯಂತ್ರ ವಾರ್ಡಿಗೆ ಮರಳಬಾರದು. ಬದಲಾದ ಆವೃತ್ತಿಯನ್ನು ನೀವೇ ಪರದೆಯಲ್ಲಿ ಓದಿ, ಅಲಾರಂ, ಬ್ಯಾಟರಿ, ವಿದ್ಯುತ್ ಸುರಕ್ಷತೆ ಮತ್ತು ಮುಖ್ಯ ಕಾರ್ಯದ ಪರೀಕ್ಷೆ ಮಾಡಿ, ಸರ್ವಿಸ್ ವರದಿಯಲ್ಲಿ ಸೀರಿಯಲ್ ನಂಬರ್ ಇದೆಯೇ ಎಂದು ನೋಡಿ. "ಎಲ್ಲ ಪಂಪ್‌ಗಳಿಗೂ ನವೀಕರಣ ಮಾಡಲಾಗಿದೆ" ಎಂಬ ಒಂದು ಸಾಲಿನ ವರದಿಯನ್ನು ಒಪ್ಪಬೇಡಿ. ನವೀಕರಣದ ಬಳಿಕ ಯಂತ್ರದ ಹಳೆಯ ಹೊಂದಾಣಿಕೆಗಳು, ಅಂದರೆ ಔಷಧಗಳ ಪಟ್ಟಿ ಮತ್ತು ಅಲಾರಂ ಮಿತಿಗಳು, ಕಾರ್ಖಾನೆಯ ಸ್ಥಿತಿಗೆ ಮರಳಿರಬಹುದು. ಇದನ್ನು ಗಮನಿಸದೆ ವಾರ್ಡಿಗೆ ಕೊಟ್ಟರೆ ಹೊಸ ತೊಂದರೆಯನ್ನು ನಾವೇ ಹುಟ್ಟುಹಾಕಿದಂತೆ.

ದೋಷದಿಂದ ಯಾರಿಗಾದರೂ ತೊಂದರೆಯಾಗಿದ್ದರೆ ಅಥವಾ ಕೂದಲೆಳೆಯಲ್ಲಿ ತಪ್ಪಿದ್ದರೆ ಅದನ್ನು ವರದಿ ಮಾಡಿ. ಭಾರತದಲ್ಲಿ ಇದಕ್ಕಾಗಿ 2015ರ ಜುಲೈ 6ರಂದು ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಆರಂಭವಾಗಿದೆ, ಘಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನಡೆಸುತ್ತದೆ. ಬೇರೆ ದೇಶಗಳಲ್ಲೂ ತತ್ಸಮಾನ ವ್ಯವಸ್ಥೆಗಳಿವೆ. ಘಟನೆಯಲ್ಲಿ ಒಳಗಾದ ಯಂತ್ರವನ್ನು ತೊಳೆಯಬೇಡಿ, ರೀಸೆಟ್ ಮಾಡಬೇಡಿ, ಟ್ಯೂಬಿಂಗ್ ಬಿಸಾಡಬೇಡಿ. ಪರದೆಯ ಫೋಟೊ ತೆಗೆದು, ಸಾಧ್ಯವಾದರೆ ಯಂತ್ರದ ಲಾಗ್, ಅಂದರೆ ಒಳಗೆ ಸಮಯವಾರು ದಾಖಲಾದ ಘಟನೆಗಳ ಪಟ್ಟಿಯನ್ನು ಉಳಿಸಿಕೊಳ್ಳಿ. ತನಿಖೆಗೆಂದು ಕಂಪನಿಗೆ ಒಪ್ಪಿಸುವ ಮೊದಲು ಅದರ ಪ್ರತಿ ನಿಮ್ಮಲ್ಲಿರಬೇಕು.

ಆಗಾಗ ಬರುವ ಎರಡು ಪ್ರಶ್ನೆಗಳು ಉಳಿದಿವೆ. ಎಎಂಸಿ ಮುಗಿದ ಯಂತ್ರಕ್ಕೆ ರಿಕಾಲ್ ಪರಿಹಾರಕ್ಕೆ ಹಣ ಕೇಳಬಹುದೇ? ರಿಕಾಲ್ ತಯಾರಕರ ದೋಷಕ್ಕೆ ಸಂಬಂಧಿಸಿದ್ದು, ಎಎಂಸಿ ಸವೆತಕ್ಕೆ ಸಂಬಂಧಿಸಿದ್ದು. ಎರಡನ್ನೂ ಬೆರೆಸಲು ಬಿಡಬೇಡಿ, ಹಣ ಕೇಳಿದರೆ ಲಿಖಿತವಾಗಿ ಕೇಳಲು ಹೇಳಿ ಅದರ ಪ್ರತಿಯನ್ನು ನಿಯಂತ್ರಕರಿಗೆ ಕಳಿಸಿ.

ತಯಾರಕ ಕಂಪನಿಯೇ ಮುಚ್ಚಿಹೋಗಿದ್ದರೆ? 2010ರಲ್ಲಿ ಫ್ರಾನ್ಸಿನ ಪಿಐಪಿ ಕಂಪನಿ ಸ್ತನ ಇಂಪ್ಲಾಂಟ್‌ಗಳಲ್ಲಿ ಅನುಮೋದನೆಯಿಲ್ಲದ ಸಿಲಿಕೋನ್ ಬಳಸುತ್ತಿದ್ದುದು ಬಯಲಾದ ಮೇಲೆ ಆ ಕಂಪನಿ ಮುಚ್ಚಿತು. ಬೇರೆ ಬೇರೆ ದೇಶಗಳಲ್ಲಿ ಅವುಗಳನ್ನು ಹಾಕಿಸಿಕೊಂಡಿದ್ದ ಮಹಿಳೆಯರಿಗೆ ಪತ್ರ ಬರೆಯಲು ತಯಾರಕರೇ ಇರಲಿಲ್ಲ. ಅಂತಹ ಸಂದರ್ಭದಲ್ಲಿ ಸೂಚನೆ ಬರುವುದು ನಿಯಂತ್ರಕರಿಂದ, ಅದು ರೋಗಿಗೆ ತಲುಪಬೇಕಾದರೆ ಇಂಪ್ಲಾಂಟ್ ಹಾಕಿದ ಆಸ್ಪತ್ರೆಯಲ್ಲಿ ಆ ರೋಗಿಯ ಹೆಸರಿನ ಮುಂದೆ ಲಾಟ್ ಸಂಖ್ಯೆ ಬರೆದಿರಬೇಕು. ಆದ್ದರಿಂದ ಇಂಪ್ಲಾಂಟ್ ರಿಜಿಸ್ಟರನ್ನು ಇತರ ಕಡತಗಳ ಜೊತೆ ಅವಧಿ ಮುಗಿಯಿತೆಂದು ವಿಲೇವಾರಿ ಮಾಡದೆ, ರೋಗಿಯ ಜೀವಿತಾವಧಿಯವರೆಗೆ ಉಳಿಸಿಕೊಳ್ಳುವಂತೆ ನಿಮ್ಮ ದಾಖಲೆ ವಿಭಾಗಕ್ಕೆ ಲಿಖಿತ ಸೂಚನೆ ಕೊಡಿ.